ಆಟೋ ಮ್ಯಾಲಿನ ಶಂಕರಣ್ಣ, ನಾಟಕದ ಶಂಕರ್ ನಾಗ್: 12 ವರ್ಷದ ಒಂದು ವೃತ್ತಿಯ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಹುಮನಾಬಾದ್ ಇರಲಿ, ಬಸವಕಲ್ಯಾಣ ಇರಲಿ, ಆಟೋ ಸ್ಟ್ಯಾಂಡ್‌ನಾಗ ಒಂದು ಮುಖ ನಿಮಗ ಗುರುತು ಇದ್ದೇ ಇರ್ತದ. ಗಾಜಿನ ಮ್ಯಾಲ ಸ್ಟಿಕ್ಕರ್, ಹಿಂದ ಪೇಂಟಿಂಗ್, ಕೆಳಗ ‘ಶಂಕರಣ್ಣ’ ಅಂತ ಬರಹ. ಅವರು ತೀರಿಕೊಂಡದ್ದು 1990ರಲ್ಲಿ. ಇವತ್ತು ಆ ಸ್ಟಿಕ್ಕರ್ ಅಂಟಿಸುವ ಹುಡುಗರಲ್ಲಿ ಬಹಳ ಮಂದಿ ಆಗ ಹುಟ್ಟೇ ಇರಲಿಲ್ಲ. ನಾನೂ ಇರಲಿಲ್ಲ.

‘ಆಟೋ ರಾಜ’ ಎಲ್ಲರಿಗೂ ಗೊತ್ತು. ‘ಸಾಂಗ್ಲಿಯಾನ’ ಗೊತ್ತು. ‘ಮಾಲ್ಗುಡಿ ಡೇಸ್’ ತುಣುಕು ರೀಲ್ಸ್‌ನಾಗ ನೋಡಿರ್ತೀರಿ. ಆದರೆ ಈ ಮನುಷ್ಯ ಮೂಲತಃ ನಾಟಕದವರು, ಸಿನಿಮಾ ಸ್ಟಾರ್ ಆದ ಮೇಲೂ ನಾಟಕ ನಿರ್ದೇಶನ ಬಿಡಲಿಲ್ಲ ಅನ್ನೋದು ನಮ್ಮ ಕಡೆ ಅಷ್ಟಾಗಿ ಗೊತ್ತಿಲ್ಲ. ಇವತ್ತಿನ ಸಂಚಿಕೆಯಲ್ಲಿ ಅದನ್ನೇ ಬಿಡಿಸಿ ಹೇಳ್ತೀನಿ. ಒಬ್ಬ ನಟ-ನಿರ್ದೇಶಕನ ವೃತ್ತಿ ಹ್ಯಾಂಗ ಕಟ್ಟಿಕೊಳ್ತದ? ಅದಕ್ಕ ಯಾವ ಊರು, ಯಾವ ಭಾಷೆ, ಯಾರ ದುಡ್ಡು ಬೇಕಾಗ್ತದ? ಮರಾಠಿ ಗಡಿಯಲ್ಲಿ ಕೂತಿರೋ ನಮಗ ಇದರಾಗ ಏನದ?

ಹೊನ್ನಾವರದಿಂದ ಬಾಂಬೆಗೆ

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಸೀಮೆಯಲ್ಲಿ. ಮನೆತನದ ಹೆಸರು ನಾಗರಕಟ್ಟೆ, ಮನೆಮಾತು ಕೊಂಕಣಿ. ಅಣ್ಣ ಅನಂತ್ ನಾಗ್ ಆರು ವರ್ಷ ದೊಡ್ಡವರು. ಅಣ್ಣನ ಹಾಗೆ ತಮ್ಮನೂ ಬಾಂಬೆ ಸೇರಿದರು, ಅಲ್ಲಿ ಮರಾಠಿ ನಾಟಕದ ಹುಚ್ಚು ಹಿಡೀತು.

ಆ ಬಾಂಬೆ ಹ್ಯಾಂಗಿತ್ತು ಅನ್ನೋದು ಮುಖ್ಯ. 1970ರ ದಶಕ. ವಿಜಯ್ ತೆಂಡುಲ್ಕರ್ ಅವರ ‘ಘಾಶೀರಾಮ್ ಕೊತ್ವಾಲ್’ ಮತ್ತು ‘ಸಖಾರಾಮ್ ಬೈಂಡರ್’ ಎರಡೂ 1972ರಲ್ಲಿ ರಂಗಕ್ಕೆ ಬಂದು ಗದ್ದಲ ಎಬ್ಬಿಸಿದ್ದವು. ದಾದರ್‌ನ ಛಬಿಲ್‌ದಾಸ್ ಶಾಲೆಯ ಹಾಲ್ ಹೊಸ ಪ್ರಯೋಗದ ನಾಟಕಗಳ ಅಡ್ಡಾ ಆಗಿತ್ತು. ಒಂದು ಶಾಲೆಯ ಹಾಲ್ ಅಷ್ಟೇ, ದೊಡ್ಡ ಥಿಯೇಟರ್ ಅಲ್ಲ. ಕಾಲೇಜು ಕಾಲೇಜುಗಳ ನಡುವೆ ನಾಟಕ ಸ್ಪರ್ಧೆ ಇರ್ತಿದ್ವು. ಟಿಕೆಟ್ ಕೊಂಡು ನಾಟಕ ನೋಡುವ ಮಧ್ಯಮ ವರ್ಗ ಇತ್ತು. ಮರಾಠಿ, ಗುಜರಾತಿ, ಹಿಂದಿ ಮೂರೂ ಭಾಷೆಯ ರಂಗಭೂಮಿ ಒಂದೇ ಊರಾಗ ನಡೀತಿತ್ತು. ಈ ಮೂರೂ ಭಾಷೆಗಳಲ್ಲಿ ನಟಿಸ್ತಿದ್ದ ಅರುಂಧತಿ ರಾವ್ ಶಂಕರ್‌ಗೆ ಪರಿಚಯ ಆದದ್ದು ಈ ನಾಟಕದ ಲೋಕದಲ್ಲೇ. 1980ರಲ್ಲಿ ಇಬ್ಬರೂ ಮದುವೆಯಾದರು.

ಶಂಕರ್ ಬರೀ ನಟ ಆಗಿ ಉಳೀಲಿಲ್ಲ, ಬರವಣಿಗೆಗೂ ಕೈ ಹಾಕಿದರು. ‘22 ಜೂನ್ 1897’ ಅಂತ ಒಂದು ಮರಾಠಿ ಸಿನಿಮಾ ಅದ, 1979ರದ್ದು. ಪುಣೆಯಲ್ಲಿ ಚಾಪೇಕರ್ ಸಹೋದರರು ಬ್ರಿಟಿಷ್ ಅಧಿಕಾರಿ ರಾಂಡ್‌ನನ್ನು ಕೊಂದ ಕಥೆ. ನಿರ್ದೇಶನ ಜಯೂ ಮತ್ತು ನಚಿಕೇತ್ ಪಟವರ್ಧನ್ ಅವರದು. ಅದರ ಬರವಣಿಗೆಯಲ್ಲಿ ಶಂಕರ್ ನಾಗ್ ಪಾಲಿದೆ. ಕನ್ನಡದ ‘ಆಟೋ ರಾಜ’ ಆಗೋಕೆ ಮೊದಲೇ ಈ ಹುಡುಗ ಮರಾಠಿಯಲ್ಲಿ ಸ್ಕ್ರಿಪ್ಟ್ ಬರೀತಿದ್ದ ಅಂದ್ರ ಲೆಕ್ಕ ಹಾಕ್ರಿ.

ಗಡಿ ದಾಟಿದ ನಾಟಕ, ಎರಡು ಸಲ

ಇಲ್ಲಿ ಸ್ವಲ್ಪ ಹಿಂದಕ್ಕ ಹೋಗೋಣ. ಮರಾಠಿ ರಂಗಭೂಮಿಯ ಚರಿತ್ರೆ ಬರೆಯೋರು ಸಾಮಾನ್ಯವಾಗಿ 1843ರಿಂದ ಶುರು ಮಾಡ್ತಾರ. ಆ ವರ್ಷ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಅದಕ್ಕ ಪ್ರೇರಣೆ ಕೊಟ್ಟದ್ದು ಹಿಂದಿನ ವರ್ಷ ಸಾಂಗ್ಲಿ ಸಂಸ್ಥಾನಕ್ಕ ಬಂದು ಆಟ ಆಡಿದ ಕರ್ನಾಟಕದ ಭಾಗವತ ಮೇಳ. ಎಲ್ಲಿಯ ಮೇಳ? ಕರ್ಕಿಯದ್ದು. ಕರ್ಕಿ ಇರೋದು ಹೊನ್ನಾವರ ತಾಲ್ಲೂಕಿನಾಗ.

ಅಂದ್ರ ಹೊನ್ನಾವರದ ಕಡೆಯಿಂದ ಹೋದ ಆಟ ಸಾಂಗ್ಲಿಯಲ್ಲಿ ಮರಾಠಿ ನಾಟಕಕ್ಕೆ ಕಿಡಿ ಹಚ್ಚಿತು. ನೂರಾಮೂವತ್ತು ವರ್ಷ ಆದ ಮ್ಯಾಲ ಅದೇ ಹೊನ್ನಾವರದ ಹುಡುಗ ಮರಾಠಿಯಿಂದ ನಾಟಕ ಕಲಿತು ಕನ್ನಡಕ್ಕೆ ತಂದ. ಕೊಟ್ಟದ್ದು ಬಡ್ಡಿ ಸಮೇತ ವಾಪಸ್ ಬಂತು ಅನ್ನಬಹುದು.

ಇದನ್ನ ಯಾಕ ಹೇಳ್ತಿದ್ದೀನಿ ಅಂದ್ರ, ನಮ್ಮ ಬೀದರ್ ಜಿಲ್ಲೆ 1956ರ ತನಕ ಹೈದರಾಬಾದ್ ರಾಜ್ಯದಾಗಿತ್ತು. ಮನ್ಯಾಗ ಕನ್ನಡ, ಸಂತ್ಯಾಗ ಮರಾಠಿ, ಬಸ್ ಸ್ಟ್ಯಾಂಡ್‌ನಾಗ ದಖ್ಖನಿ ಉರ್ದು, ಹೈದರಾಬಾದ್ ಕಡೆ ಹೋದ್ರ ತೆಲುಗು. ಬೆಂಗಳೂರಿಗೆ ಹೋದ ಕೂಡಲೇ ‘ನಿಮ್ದು ಯಾವ್ ಕನ್ನಡ ರೀ?’ ಅಂತ ಕೇಳ್ತಾರ, ನಮ್ಮ ಹುಡುಗ್ರು ಬಾಯಿ ಮುಚ್ಚಿಕೊಂಡು ಕೂಡ್ತಾರ. ಹುಮನಾಬಾದ್ ಪಕ್ಕದ ಮಾಣಿಕ ನಗರಕ್ಕ ಹೋಗಿ ನೋಡ್ರಿ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ, ಉರ್ದು ಎಲ್ಲದರಾಗೂ ಪದ ಕಟ್ಟಿದರು. ಆ ನೆಲದಾಗ ಕಲಬೆರಕೆ ಮಾತು ಕೊರತೆ ಆಗಿರಲಿಲ್ಲ. ಕೊಂಕಣಿ ಮನೆಮಾತು, ಮರಾಠಿ ರಂಗಭೂಮಿ, ಕನ್ನಡ ಸಿನಿಮಾ ಅಂತ ಬೆಳೆದ ಶಂಕರ್ ನಾಗ್‌ಗೂ ಆಗಲಿಲ್ಲ.

ಮೊದಲ ಸಿನಿಮಾ, ಆಮೇಲೆ ‘ಸಂಕೇತ್’

ಗಿರೀಶ್ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಸಿನಿಮಾಕ್ಕೆ ಈ ನಾಟಕದ ಹುಡುಗನನ್ನು ಕರೆತಂದರು. ಸಿನಿಮಾ ಬಂದದ್ದು 1978ರಲ್ಲಿ. ಕೂಲಿಗೆ ಕತ್ತಿ ಹಿಡಿಯುವ ಸೈನಿಕ ಗಂಡುಗಲಿಯ ಪಾತ್ರ, ಎದುರಿಗೆ ಸುಂದರಕೃಷ್ಣ ಅರಸ್. ಮೊದಲ ಕನ್ನಡ ಸಿನಿಮಾದಲ್ಲೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಆಮೇಲೆ ಕಮರ್ಷಿಯಲ್ ಸಿನಿಮಾಗಳ ಸಾಲು. 1979ರಲ್ಲಿ ‘ಸೀತಾರಾಮು’, 1980ರಲ್ಲಿ ‘ಆಟೋ ರಾಜ’. ಅದೇ 1980ರಲ್ಲಿ ತಾವೇ ನಿರ್ದೇಶಿಸಿದ ಮೊದಲ ಸಿನಿಮಾ ‘ಮಿಂಚಿನ ಓಟ’. ಸತ್ತಾಗ 35 ವರ್ಷ. ಅಷ್ಟರೊಳಗ ಎಂಬತ್ತಕ್ಕೂ ಹೆಚ್ಚು ಸಿನಿಮಾ.

ಇಂಥಾ ಓಟದ ನಡುವೆ ನಾಟಕ ಬಿಟ್ಟರೆ ಯಾರೂ ತಪ್ಪು ತಿಳೀತಿರಲಿಲ್ಲ. ಅವರು ಬೆಂಗಳೂರಿನಲ್ಲಿ ‘ಸಂಕೇತ್’ ಅಂತ ತಂಡ ಕಟ್ಟಿದರು. ಸಂಕೇತ್‌ಗಾಗಿ ಅವರು ನಿರ್ದೇಶಿಸಿದ ನಾಟಕಗಳ ಹೆಸರು ಕೇಳ್ರಿ: ಕಾರ್ನಾಡರ ‘ಅಂಜುಮಲ್ಲಿಗೆ’, ಜಯವಂತ ದಳವಿ ಅವರ ‘ಬ್ಯಾರಿಸ್ಟರ್’ ಮತ್ತು ‘ಸಂಧ್ಯಾ ಛಾಯಾ’, ರಮೇಶ್ ಭಟ್ ಜೊತೆ ಸೇರಿ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಮತ್ತು ‘ಆಟ ಬೊಂಬಾಟ’, ಸುರೇಂದ್ರನಾಥ್ ಜೊತೆ ಸೇರಿ ಕಾರ್ನಾಡರ ‘ನಾಗಮಂಡಲ’.

ಈ ಪಟ್ಟಿಯನ್ನ ಒಂದು ಸಲ ಸರಿಯಾಗಿ ನೋಡ್ರಿ. ದಳವಿ ಮರಾಠಿ ಲೇಖಕರು. ‘ಸಂಧ್ಯಾ ಛಾಯಾ’ ಅಂದ್ರ ಮಕ್ಕಳು ದೂರ ಹೋದ ಮ್ಯಾಲ ಮನ್ಯಾಗ ಇಬ್ಬರೇ ಉಳಿದ ಮುದುಕ-ಮುದುಕಿಯ ಕಥೆ. ಫೋನ್ ಬರ್ತದೇನೋ, ಕಾಗದ ಬರ್ತದೇನೋ, ಯಾರಾದ್ರೂ ಬಾಗಿಲು ಬಡೀತಾರೇನೋ ಅಂತ ಕಾಯೋದು. ನಮ್ಮ ಕಡೆ ಮಗ ಪುಣೆಯಲ್ಲಿ, ಮಗಳು ಹೈದರಾಬಾದ್‌ನಲ್ಲಿ ಇರೋ ಮನೆಗಳಿಗೆ ಈ ಕಥೆ ವಿವರಿಸಿ ಹೇಳಬೇಕಾಗಿಲ್ಲ. ‘ಅಂಜುಮಲ್ಲಿಗೆ’ ನಡೆಯೋದು ಇಂಗ್ಲೆಂಡ್‌ನಲ್ಲಿ, ಅಲ್ಲಿರುವ ಭಾರತೀಯ ಒಡಹುಟ್ಟಿದವರ ಸುತ್ತ. ‘ನೋಡಿ ಸ್ವಾಮಿ’ ನಕ್ಕು ಹಗುರ ಆಗೋ ನಾಟಕ, 1983ರಲ್ಲಿ ಅದೇ ಹೆಸರಿನ ಸಿನಿಮಾ ಕೂಡ ಅವರೇ ಮಾಡಿದರು. ಗಂಭೀರ ನಾಟಕ, ನಗೆನಾಟಕ ಅಂತ ಎರಡು ಗೋಡೆ ಕಟ್ಟಿಕೊಂಡು ಕೂಡಲಿಲ್ಲ.

ನಿರ್ದೇಶಕ ಅಂದ್ರ ಏನ್ ಮಾಡ್ತಾನ?

ನಾಟಕಕ್ಕ ನಿರ್ದೇಶಕ ಯಾಕ ಬೇಕು, ಮಾತು ಬಾಯಿಪಾಠ ಮಾಡಿದ್ರ ಆಯ್ತಲ್ಲ ಅಂತ ಬಹಳ ಮಂದಿ ಕೇಳ್ತಾರ. ‘ನಾಗಮಂಡಲ’ವನ್ನೇ ಉದಾಹರಣೆ ತಗೊಳ್ಳೋಣ.

ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳ ಮೇಲೆ ಕಾರ್ನಾಡರು ಇದನ್ನು ಕಟ್ಟಿದರು. ರಾಣಿ ಅಂತ ಹೆಂಡತಿ, ಅಪ್ಪಣ್ಣ ಅಂತ ಗಂಡ. ಗಂಡ ಅವಳನ್ನು ಮನ್ಯಾಗ ಕೂಡಿಹಾಕಿ ಬೀಗ ಹಾಕಿ ಹೋಗ್ತಾನ. ಒಂದು ನಾಗ ಅಪ್ಪಣ್ಣನ ರೂಪ ತಾಳಿ ರಾತ್ರಿ ಬರ್ತದ. ಹಗಲು ಬಂದವ ಬೈತಾನ, ರಾತ್ರಿ ಬಂದವ ಪ್ರೀತಿ ಮಾಡ್ತಾನ. ರಾಣಿಗೆ ಇಬ್ಬರೂ ಒಬ್ಬನೇ.

ಈಗ ಯೋಚನೆ ಮಾಡ್ರಿ. ಸಿನಿಮಾದಾಗ ಗ್ರಾಫಿಕ್ಸ್ ಮಾಡಿ ಹಾವು ಮನುಷ್ಯ ಆಗೋದನ್ನ ತೋರಿಸಬಹುದು. ರಂಗದ ಮ್ಯಾಲ? ಗಂಡ ಮತ್ತು ನಾಗ ಎರಡೂ ಪಾತ್ರವನ್ನು ಒಬ್ಬನೇ ನಟ ಮಾಡಬೇಕು. ಅದೇ ಮುಖ, ಅದೇ ಮೈ. ಪ್ರೇಕ್ಷಕರಿಗೆ ಇವನು ಗಂಡ, ಇವನು ನಾಗ ಅಂತ ಗೊತ್ತಾಗಬೇಕು, ರಾಣಿಗೆ ಮಾತ್ರ ಗೊತ್ತಾಗಬಾರದು. ಅದನ್ನ ನಡಿಗೆಯಿಂದ ಮಾಡ್ತೀರೋ, ದನಿಯಿಂದಲೋ, ಬೆಳಕಿನಿಂದಲೋ? ಅದೇ ನಾಟಕದ ಶುರುವಿನಾಗ ಊರಿನ ಮನೆಗಳ ದೀಪದ ಕುಡಿಗಳು ರಾತ್ರಿ ಪಾಳುಗುಡಿಗೆ ಬಂದು ಹರಟೆ ಹೊಡೀತಾವ. ದೀಪ ಮಾತಾಡೋದನ್ನ ಹ್ಯಾಂಗ ತೋರಿಸ್ತೀರಿ? ಇಂಥಾ ನೂರು ಪ್ರಶ್ನೆಗೆ ಉತ್ತರ ಹುಡುಕಿ, ಹತ್ತಾರು ನಟರು ಅದೇ ಉತ್ತರವನ್ನು ಪ್ರತಿ ಪ್ರದರ್ಶನದಲ್ಲಿ ಕೊಡುವ ಹಾಗೆ ತಯಾರು ಮಾಡುವವನು ನಿರ್ದೇಶಕ. ಕ್ಯಾಮೆರಾದ ಮುಂದೆ ತಪ್ಪಾದ್ರ ಇನ್ನೊಂದು ಟೇಕ್ ಅದ, ರಂಗದ ಮ್ಯಾಲ ಇಲ್ಲ.

ಸಂಕೇತ್‌ನ ‘ನಾಗಮಂಡಲ’ಕ್ಕೆ ಹಾಡು ಬರೆದವರು ಗೋಪಾಲ ವಾಜಪೇಯಿ. ಉತ್ತರ ಕರ್ನಾಟಕದ ಮಾತಿನ ಹಾಡುಗಳು ಬೆಂಗಳೂರಿನ ರಂಗದ ಮ್ಯಾಲ ಕೇಳಿಬಂದವು. ನಮ್ಮ ಮಾತಿಗೆ ಅಲ್ಲಿ ಜಾಗ ಸಿಗ್ತದೋ ಇಲ್ಲೋ ಅನ್ನೋರು ಇದನ್ನ ನೆನಪಿಟ್ಟುಕೊಳ್ರಿ.

ನಾಟಕದ ಲೆಕ್ಕ ಯಾಕ ಕೂಡೋದಿಲ್ಲ

ಬಿ.ಕಾಂ ಓದಿದವನಿಗೆ ಈ ಭಾಗ ಬಿಟ್ಟು ಮುಂದ ಹೋಗೋಕೆ ಮನಸ್ಸು ಬರೋದಿಲ್ಲ, ಸ್ವಲ್ಪ ಸಹಿಸ್ಕೊಳ್ರಿ.

ಒಂದು ಸಿನಿಮಾ ಒಮ್ಮೆ ತಯಾರಾದ್ರ ಒಂದೇ ರಾತ್ರಿ ನೂರು ಥಿಯೇಟರ್‌ನಾಗ ಓಡ್ತದ. ನಟ ಮನ್ಯಾಗ ನಿದ್ದೆ ಮಾಡ್ತಿದ್ರೂ ಕಲೆಕ್ಷನ್ ಬರ್ತದ. ನಾಟಕ ಹಂಗಲ್ಲ. ಪ್ರತಿ ಪ್ರದರ್ಶನಕ್ಕೆ ಅಷ್ಟೂ ನಟರು ಮತ್ತೆ ಬರಬೇಕು, ಬಣ್ಣ ಹಚ್ಚಬೇಕು, ಬೆಳಕಿನವರು ಕೂಡಬೇಕು. ಲೆಕ್ಕಕ್ಕ ಒಂದು ಉದಾಹರಣೆ: 300 ಸೀಟಿನ ಹಾಲ್, ಟಿಕೆಟ್ 100 ರೂಪಾಯಿ. ಹೌಸ್‌ಫುಲ್ ಆದ್ರೂ 30,000 ರೂಪಾಯಿ. ಅದರಾಗ ಹಾಲ್ ಬಾಡಿಗೆ, ಲೈಟು, ಸೆಟ್ಟು, ಗಾಡಿ, ಹದಿನೈದು ಮಂದಿ ಊಟ, ಎರಡು ತಿಂಗಳ ತಾಲೀಮು. ಉಳಿಯೋದು ಎಷ್ಟು?

ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದರು. ಫ್ಯಾಕ್ಟರಿಯಲ್ಲಿ ಮಷೀನ್ ಬಂದು ಒಬ್ಬ ಕಾರ್ಮಿಕ ಹತ್ತು ಪಟ್ಟು ಮಾಲು ತಯಾರಿಸಬಹುದು. ನಾಲ್ಕು ಮಂದಿ ಬಾರಿಸುವ ಸಂಗೀತ ಕಛೇರಿಗೆ ಇನ್ನೂರು ವರ್ಷದ ಹಿಂದೆ ಎಷ್ಟು ಮಂದಿ, ಎಷ್ಟು ಹೊತ್ತು ಬೇಕಿತ್ತೋ ಇವತ್ತೂ ಅಷ್ಟೇ ಬೇಕು. ಸುತ್ತಲಿನ ಸಂಬಳ, ಬೆಲೆ ಮಾತ್ರ ಏರ್ತಾ ಹೋಗ್ತದ. ಹಾಗಾಗಿ ರಂಗಭೂಮಿಗೆ ಟಿಕೆಟ್ ದುಡ್ಡಿನ ಹೊರಗಿಂದ ಯಾವುದಾದರೂ ಆಸರೆ ಬೇಕೇ ಬೇಕು. ಸರ್ಕಾರ, ದಾನಿಗಳು, ಇಲ್ಲಾ ಕಲಾವಿದನ ಇನ್ನೊಂದು ದುಡಿಮೆ.

ಶಂಕರ್ ನಾಗ್ ವೃತ್ತಿಯನ್ನು ನಾನು ಓದೋದು ಹೀಗೆ: ಸಿನಿಮಾ ಅವರಿಗೆ ಆ ಇನ್ನೊಂದು ದುಡಿಮೆ ಆಗಿತ್ತು. ಬಹಳ ಮಂದಿಗೆ ನಾಟಕ ಅಂದ್ರ ಸಿನಿಮಾಕ್ಕ ಹತ್ತುವ ಏಣಿ, ಮ್ಯಾಲ ಹತ್ತಿದ ಮ್ಯಾಲ ಏಣಿ ಒದ್ದು ಬಿಡ್ತಾರ. ಇವರು ಮ್ಯಾಲ ಹತ್ತಿ, ಕೆಳಗ ಇದ್ದವರಿಗಾಗಿ ಏಣಿ ಹಿಡಿದು ನಿಂತರು.

ಬ್ರಿಟನ್ನಿನಲ್ಲೂ ಈ ದಾರಿ ಅದ. ಲಾರೆನ್ಸ್ ಒಲಿವಿಯರ್ ಸಿನಿಮಾದಲ್ಲಿ ದೊಡ್ಡ ಹೆಸರು ಮಾಡಿದವರು, 1963ರಲ್ಲಿ ಅಲ್ಲಿನ ನ್ಯಾಷನಲ್ ಥಿಯೇಟರ್‌ಗೆ ಮೊದಲ ನಿರ್ದೇಶಕರಾದರು. ಕೆನೆತ್ ಬ್ರಾನಾ 1987ರಲ್ಲಿ ತಮ್ಮದೇ ರೆನೆಸಾನ್ಸ್ ಥಿಯೇಟರ್ ಕಂಪನಿ ಕಟ್ಟಿದರು, ಎರಡು ವರ್ಷದಾಗ ಷೇಕ್ಸ್‌ಪಿಯರ್‌ನ ‘ಹೆನ್ರಿ ಫಿಫ್ತ್’ ಸಿನಿಮಾ ನಿರ್ದೇಶಿಸಿ, ತಾವೇ ನಟಿಸಿದರು. ಒಲಿವಿಯರ್ ಅವರ ನ್ಯಾಷನಲ್ ಥಿಯೇಟರ್‌ಗೆ ಸರ್ಕಾರದ ನೆರವು ಇತ್ತು. ಸಂಕೇತ್‌ಗೆ ಅಂಥಾದ್ದು ಇರಲಿಲ್ಲ.

ಮಾಲ್ಗುಡಿಯಲ್ಲಿ ನಾಟಕದ ಮುದ್ರೆ

1980ರ ದಶಕದ ಎರಡನೇ ಅರ್ಧದಲ್ಲಿ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಬಂತು. ಆರ್.ಕೆ. ನಾರಾಯಣ್ ಇಂಗ್ಲಿಷ್‌ನಲ್ಲಿ ಬರೆದ ಕಥೆಗಳು, ಟಿ.ಎಸ್. ನರಸಿಂಹನ್ ನಿರ್ಮಾಪಕರು, ಚಿತ್ರೀಕರಣ ಆಗುಂಬೆಯಲ್ಲಿ. ಮಾಸ್ಟರ್ ಮಂಜುನಾಥ್, ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಅನಂತ್ ನಾಗ್ ಹೀಗೆ ಕನ್ನಡದ ನಟರು. ಆದರೆ ಇಡೀ ದೇಶ ಅದನ್ನ ನೋಡಿದ್ದು ಮುಖ್ಯವಾಗಿ ಹಿಂದಿಯಲ್ಲಿ.

ಈಗ ಒಂದು ಎಪಿಸೋಡ್ ಹಾಕಿ ನೋಡ್ರಿ. ನಾಲ್ಕು ಮಾತು ಆಡಿ ಹೋಗುವ ಅಂಗಡಿಯವನೂ ಪೂರಾ ಮನುಷ್ಯನ ಹಾಗೆ ಕಾಣ್ತಾನ. ಹೀರೋಗೆ ಮಾತ್ರ ಬೆಳಕು ಹಾಕುವ ರೂಢಿ ಅಲ್ಲಿಲ್ಲ. ಇಡೀ ತಂಡಕ್ಕೆ ತಾಲೀಮು ಮಾಡಿಸುವ ನಾಟಕದವನ ಕೈಚಳಕ ಅದು. 1985ರ ‘ಆಕ್ಸಿಡೆಂಟ್’ ಸಿನಿಮಾದಲ್ಲೂ ಹಾಗೇ. ಕುಡಿದ ಶ್ರೀಮಂತ ಹುಡುಗ ಫುಟ್‌ಪಾತ್ ಮೇಲೆ ಮಲಗಿದವರ ಮೇಲೆ ಕಾರು ಹತ್ತಿಸುವ ಕಥೆ. ಸಾಮಾಜಿಕ ವಿಷಯದ ಸಿನಿಮಾ ಅಂತ ಅದಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿತು.

1990, ಆಮೇಲೆ 2004

1990ರ ಸೆಪ್ಟೆಂಬರ್ 30. ಚಂದ್ರಶೇಖರ ಕಂಬಾರರ ನಾಟಕ ಆಧರಿಸಿದ ‘ಜೋಕುಮಾರಸ್ವಾಮಿ’ ಸಿನಿಮಾದ ಚಿತ್ರೀಕರಣಕ್ಕೆ ಹೋಗುವಾಗ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತ. ಶಂಕರ್ ಅಲ್ಲೇ ತೀರಿಕೊಂಡರು. ಜೊತೆಗಿದ್ದ ಅರುಂಧತಿ ಮತ್ತು ಮಗಳು ಕಾವ್ಯಾಗೆ ಗಾಯಗಳಾದವು. ಕೊನೆಯ ಪ್ರಯಾಣವೂ ಒಂದು ನಾಟಕದ ಕಡೆಗೇ ಇತ್ತು.

ಒಬ್ಬ ನಟ ಹೋದ ಮ್ಯಾಲ ಏನು ಉಳೀತದ? ಸಿನಿಮಾದ ರೀಲು ಉಳೀತದ, ನಾಟಕ ಉಳಿಯೋದಿಲ್ಲ. ಸಂಕೇತ್ ನಾಟಕಗಳನ್ನ ನಾವು ನೀವು ಮೊಬೈಲ್‌ನಾಗ ಹುಡುಕಿ ನೋಡೋಕೆ ಆಗೋದಿಲ್ಲ, ನೋಡಿದವರ ನೆನಪಿನಾಗಷ್ಟೇ ಅವ. ಅರುಂಧತಿ ನಾಗ್ ಹಿಡಿದದ್ದು ಬೇರೆ ದಾರಿ. ಹಲವು ವರ್ಷ ಓಡಾಡಿ, ದುಡ್ಡು ಕೂಡಿಸಿ, ಸಂಕೇತ್ ಟ್ರಸ್ಟ್ ಮೂಲಕ ಬೆಂಗಳೂರಿನ ಜೆ.ಪಿ. ನಗರದಲ್ಲಿ ಒಂದು ರಂಗಮಂದಿರ ಕಟ್ಟಿಸಿದರು. 2004ರಲ್ಲಿ ಬಾಗಿಲು ತೆರೆಯಿತು. ಹೆಸರು ‘ರಂಗಶಂಕರ’.

ಅದು ನಾಟಕಕ್ಕಂತನೇ ಕಟ್ಟಿದ ಜಾಗ, ಮದುವೆ-ಮುಂಜಿಗೆ ಕೊಡುವ ಹಾಲ್ ಅಲ್ಲ. ದಿನಕ್ಕೊಂದು ನಾಟಕ ಅನ್ನೋದು ಗುರಿ. ಸಣ್ಣ ತಂಡಗಳ ಕೈಗೆ ಎಟಕುವ ಬಾಡಿಗೆ. ಹೊತ್ತಿಗೆ ಸರಿಯಾಗಿ ನಾಟಕ ಶುರು, ತಡವಾಗಿ ಬಂದವರು ಯಾರೇ ಆಗಲಿ ಒಳಗ ಬಿಡೋದಿಲ್ಲ. ಈಗಷ್ಟೇ ಹೇಳಿದ ಲೆಕ್ಕಕ್ಕ ಇದನ್ನ ಹೊಂದಿಸಿ ನೋಡ್ರಿ. ಬಾಡಿಗೆ ಇಳಿದ್ರ ಸಣ್ಣ ತಂಡ ಉಸಿರಾಡ್ತದ. ದಿನಾ ನಾಟಕ ಇದ್ರ ಜನಕ್ಕ ರೂಢಿ ಆಗ್ತದ. ಲಂಡನ್ನಿನ ನ್ಯಾಷನಲ್ ಥಿಯೇಟರ್‌ನ ದೊಡ್ಡ ಸಭಾಂಗಣಕ್ಕೆ ಒಲಿವಿಯರ್ ಹೆಸರು ಅದ, ಬೆಂಗಳೂರಿನಾಗ ಶಂಕರ್ ಹೆಸರು.

ನಮ್ಮೂರಿಗೆ ಇದರಾಗ ಏನದ

ಬಸವಕಲ್ಯಾಣದ ಕಥೆ ರಂಗಭೂಮಿಗೆ ಹೊಸದಲ್ಲ. ಪಿ. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಮೂರೂ ನಡೆಯೋದು 12ನೇ ಶತಮಾನದ ಕಲ್ಯಾಣದಾಗ. ‘ತಲೆದಂಡ’ ಹಿಂದಿಯಲ್ಲಿ ‘ರಕ್ತ ಕಲ್ಯಾಣ್’ ಆಗಿ, ಇಬ್ರಾಹಿಂ ಅಲ್ಕಾಜಿ ನಿರ್ದೇಶನದಲ್ಲಿ ದಿಲ್ಲಿಯ ರಂಗದ ಮ್ಯಾಲೂ ಬಂತು. ಈ ಅಲ್ಕಾಜಿ ನಾಟಕ ಕಲಿತದ್ದು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ. ನಮ್ಮ ಊರಿನ ಕಥೆ ದಿಲ್ಲಿ ತನಕ ಹೋಯ್ತು. ಆದರೆ ನಮ್ಮ ಕಾಲೇಜು ಹುಡುಗ ಹುಡುಗಿಯರಲ್ಲಿ ಟಿಕೆಟ್ ಕೊಂಡು ಒಂದು ನಾಟಕ ನೋಡಿದವರು ಎಷ್ಟು ಮಂದಿ ಅಂತ ನಿಮ್ಮ ಗೆಳೆಯರ ಗುಂಪಿನಾಗ ಕೇಳಿ ನೋಡ್ರಿ.

ಶಂಕರ್ ನಾಗ್‌ಗೆ ಪ್ರತಿಭೆ ಇತ್ತು, ಖರೇ. ಅದರ ಜೊತೀಗೆ ಬಾಂಬೆಯಲ್ಲಿ ಕಾಲೇಜು ಸ್ಪರ್ಧೆ ಇತ್ತು, ಶಾಲೆಯ ಹಾಲ್ ಇತ್ತು, ಟಿಕೆಟ್ ಕೊಳ್ಳುವ ಮಂದಿ ಇದ್ದರು, ತಿದ್ದುವ ಹಿರಿಯರಿದ್ದರು. ಇವು ನಾಲ್ಕೂ ಇಲ್ಲದ ಊರಾಗ ಹುಟ್ಟಿದ ಹುಡುಗ ರೀಲ್ಸ್ ಮಾಡಿ ಹದಿನೈದು ಸೆಕೆಂಡ್‌ನಾಗೇ ನಿಂತು ಬಿಡ್ತಾನ. ಅದು ಅವನ ತಪ್ಪಲ್ಲ. ಶಾಲೆಯ ಹಾಲ್ ನಮ್ಮಲ್ಲೂ ಅವ. ಮರಾಠಿ ಓದಬಲ್ಲ, ಕನ್ನಡ ಬರೆಯಬಲ್ಲ ಮಂದಿ ಕರ್ನಾಟಕದ ಬಹಳಷ್ಟು ಜಿಲ್ಲೆಗಿಂತ ನಮ್ಮಲ್ಲಿ ಜಾಸ್ತಿ ಸಿಗ್ತಾರ. ದಳವಿಯವರನ್ನ ಶಂಕರ್ ತಂದ ಹಾಗೆ ಇವತ್ತಿನ ಒಂದು ಮರಾಠಿ ನಾಟಕವನ್ನು ನಮ್ಮ ಬೀದರ್ ಕನ್ನಡಕ್ಕೆ ತರೋಕೆ ಯಾರ ಅಪ್ಪಣೆ ಬೇಕು? ಲೇಖಕರ ಅನುಮತಿ ಒಂದು ಬೇಕು, ಅದನ್ನ ಬರೆದು ಕೇಳಬೇಕು.

ಕಲೀಬೇಕು ಅನ್ನೋರಿಗೆ ದಾರಿ ಅವ. ಹತ್ತಿರದಾಗ ಕಲಬುರಗಿಯ ರಂಗಾಯಣ ಅದ. ದೂರ ಹೋಗೋ ಮನಸ್ಸಿದ್ರ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಅದ. ನೀನಾಸಂ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ ಈ ತಂಡಗಳು ಊರೂರು ತಿರುಗಿ ನಾಟಕ ಆಡ್ತಾವ. ನಮ್ಮ ತಾಲ್ಲೂಕಿಗೆ ಬರ್ರಿ ಅಂತ ಒಂದು ಕಾಲೇಜು, ಒಂದು ಸಂಘ ಮುಂದಾಗಿ ಕರೀಬೇಕು.

ಮನ್ಯಾಗ ‘ನಾಟಕ ಮಾಡಿ ಹೊಟ್ಟಿ ತುಂಬ್ತದೇನು?’ ಅಂತ ಕೇಳ್ತಾರ. ಕೇಳೋದು ಸರಿಯಾಗೇ ಅದ. ನಾಟಕ ಒಂದರಿಂದಲೇ ತುಂಬೋದು ಕಷ್ಟ ಅಂತ ಮ್ಯಾಲಿನ ಲೆಕ್ಕಾನೇ ಹೇಳ್ತದ. ಶಂಕರ್ ನಾಗ್ ಅದಕ್ಕ ಸಿನಿಮಾ ಹಚ್ಚಿಕೊಂಡರು. ನೀವು ಅಂಗಡಿ, ನೌಕರಿ, ಟ್ಯೂಷನ್ ಯಾವುದನ್ನಾದರೂ ಹಚ್ಚಿಕೊಳ್ರಿ. ನಾಟಕ ಮಾತ್ರ ಬಿಡಬ್ಯಾಡ್ರಿ.

ನಿಮ್ಮೂರ ಜಾತ್ರ್ಯಾಗ, ಶಾಲೆಯಾಗ, ಓಣ್ಯಾಗ ನೀವು ನೋಡಿದ ಒಂದು ನಾಟಕದ ಬಗ್ಗೆ ಎರಡು ನಿಮಿಷದ ವಾಯ್ಸ್ ನೋಟ್ ಕಳಿಸ್ರಿ. ಯಾವ ಭಾಷೆ ಆದ್ರೂ ನಡೀತದ, ಎಲ್ಲಾ ಕಲಸಿದ ನಮ್ಮ ಮಾತಾದ್ರೂ ನಡೀತದ. ಮುಂದಿನ ಸಂಚಿಕೆಯಾಗ ಅವನ್ನೇ ಕೇಳಿಸ್ತೀನಿ. ಬರ್ತೀನ್ರಿ.